ಕುಮುದಿನಿ ಟೀಚರ್ ಜೋರಾಗಿ ಹೇಳಿದ ಶಬ್ದ

ಆಲೆಟ್ಟಿಯ ಕುಮುದಿನಿ ಬಹಳ ವರ್ಷ ಅತಿಥಿ ಶಿಕ್ಷಕಿಯಾಗಿದ್ದವರು. ಆ ಕೆಲಸ ಹೋದ ಮೇಲೆ ಮಂಗಳೂರಿನ ಒಂದು ಸಂಶೋಧನಾ ತಂಡಕ್ಕಾಗಿ ಹೈಸ್ಕೂಲುಗಳಲ್ಲಿ ಸಮೀಕ್ಷೆ ಮಾಡುತ್ತಾರೆ. ಹುಡುಗರನ್ನೇ ಇಷ್ಟಪಡುತ್ತಾನೆ, ಹೆಣ್ಣಿನ ಹಾಗೆ ನಡೆಯುತ್ತಾನೆ ಎಂದು ಮಕ್ಕಳು ಯಾರನ್ನಾದರೂ ಹೀಯಾಳಿಸುತ್ತಾರಾ, ಎಷ್ಟು ಸಲ, ಯಾರನ್ನು? ಅವರು ಅಳೆದು ತರಬೇಕಾದದ್ದು ಇದು.

ಕಳೆದ ವರ್ಷ ಕಲ್ಲುಗುಂಡಿ ಕಡೆಯ ಒಂದು ಶಾಲೆಗೆ ಹೋಗಿದ್ದರು. ಬಸ್ಸಿನಲ್ಲಿ ನಿಂತೇ ಬಂದು ಕಾಲು ಸೋತಿತ್ತು. ಹೆಡ್‌ಮಾಸ್ಟರ್ ಪ್ರೇಮನಾಥರು ಪ್ರಶ್ನೆಗಳನ್ನು ಓದಿ, "ಇದೆಂತ ಮಾರಾಯ್ರೆ? ನಮ್ಮಲ್ಲಿ ಇಂಥದ್ದೆಲ್ಲ ಇಲ್ಲ. ಬೇಕಾದ್ರೆ ಕೇಳಿ ನೋಡಿ," ಎಂದರು.

"ಹೆಸರು ಬರೆಯುದು ಬೇಡ, ಯಾರು ಬರೆದದ್ದಂತ ಯಾರಿಗೂ ಗೊತ್ತಾಗುದಿಲ್ಲ," ಎಂದು ಕುಮುದಿನಿ ಹತ್ತನೇ ತರಗತಿಯವರಿಗೆ ಹಾಳೆ ಹಂಚಿದರು. ಎಲ್ಲರೂ 'ಒಮ್ಮೆಯೂ ಇಲ್ಲ' ಎಂಬಲ್ಲಿಗೇ ಗುರುತು ಹಾಕತೊಡಗಿದರು. ಒಬ್ಬಳು ಎದ್ದು ಹಾಳೆಯಲ್ಲಿದ್ದ ಮಾತಿನ ಮೇಲೆ ಬೆರಳಿಟ್ಟು ಕೇಳಿದಳು: "ಮೇಡಂ, ಸಲಿಂಗಿ ನಿಂದನೆ ಅಂದ್ರೆ ಎಂತ?"

ಕುಮುದಿನಿಗೆ ಬೇಗ ಮುಗಿಸಿ ಹೊರಟರೆ ಸಾಕಾಗಿತ್ತು. "ಚಕ್ಕ, ಒಂಬತ್ತು ಅಂತೆಲ್ಲ ಕರೆಯುದು ಉಂಟಲ್ಲ, ಅದೇ," ಎಂದುಬಿಟ್ಟರು.

ಕ್ಲಾಸು ಗೊಳ್ಳೆಂದಿತು. ನಕ್ಕವರೆಲ್ಲ ಕಿಟಕಿ ಬದಿಯ ಸಂಪ್ರೀತ್‌ನ ಕಡೆ ತಿರುಗಿದರು. ಅವನು ತಲೆ ಎತ್ತದೆ ಬರೆಯುತ್ತಲೇ ಇದ್ದ. ಕುಮುದಿನಿ ಗದರಿದರು, ಮೇಜು ಬಡಿದರು. ನಗು ತಗ್ಗಿತೇ ಹೊರತು ನಿಲ್ಲಲಿಲ್ಲ.

ಊಟದ ಹೊತ್ತಿಗೆ ನಲ್ಲಿಯ ಹತ್ತಿರ ಸಂಪ್ರೀತ್ ತಾನಾಗಿಯೇ ಬಂದ.

"ಮೇಡಂ, ನೀವು ಕೇಳುದು ಒಳ್ಳೇದೇ. ಆದ್ರೆ ಬೇರೆ ಶಾಲೆಯಲ್ಲಿ ಆ ಶಬ್ದ ಜೋರಾಗಿ ಹೇಳ್ಬೇಡಿ. ಟೀಚರೇ ಹೇಳಿದ್ರು ಅಂತ ಇವರಿಗೆ ಇನ್ನು ಧೈರ್ಯ."

"ತಪ್ಪಾಯ್ತು ಮಗಾ."

"ಪರ್ವಾಗಿಲ್ಲ," ಎಂದು ತಟ್ಟೆ ತೊಳೆದು ಹೋದ. ಅದು ಅವನಿಗೆ ಹೇಳಿ ಹೇಳಿ ರೂಢಿಯಾದ ಮಾತಿನಂತಿತ್ತು.

ಕುಮುದಿನಿ ಪ್ರೇಮನಾಥರಿಗೆ ನಡೆದದ್ದನ್ನು ತಿಳಿಸಿದರು. "ಮಕ್ಕಳ ತಮಾಷೆ, ನಾನು ಹೇಳ್ತೇನೆ ಬಿಡಿ," ಎಂದರು ಅವರು. ವಾದಿಸಲು ಕುಮುದಿನಿಗೆ ತ್ರಾಣವಿರಲಿಲ್ಲ.

ಮಂಗಳೂರಿನ ತಂಡಕ್ಕೆ ಹಾಳೆಗಳು ತಲುಪಿದ ಮೇಲೆ ಫೋನು ಬಂತು: "ಆ ಕ್ಲಾಸಿನಲ್ಲಿ ಒಳ್ಳೆ ಉತ್ತರ ಬಂದಿದೆ ಮೇಡಂ. ತುಂಬ ಜನ ಮೊದಲಿನ ಗುರುತು ಹೊಡೆದುಹಾಕಿ ನಿಜ ಹೇಳಿದ್ದಾರೆ, ಪ್ರಶ್ನೆ ಸರಿಯಾಗಿ ಅರ್ಥ ಆಗಿರ್ಬೇಕು."

"ಅದಕ್ಕೆ ಎಲ್ಲರ ನಗು ತಿಂದವ ಒಬ್ಬ ಇದ್ದಾನೆ," ಎಂದರು ಕುಮುದಿನಿ. ಆ ಶಬ್ದಗಳನ್ನು ಹಾಳೆಯಲ್ಲೇ ಅಚ್ಚು ಹಾಕಿಸಬೇಕು, ಇಲ್ಲದಿದ್ದರೆ ತಾನು ಹೋಗುವುದಿಲ್ಲ ಎಂದು ಹಟ ಹಿಡಿದರು. ತಂಡದವರು ಒಪ್ಪಿದರು.

ಈಗ ಯಾರಾದರೂ ಅರ್ಥ ಕೇಳಿದರೆ ಕುಮುದಿನಿ ಬೆಂಚಿನ ತನಕ ನಡೆದುಹೋಗಿ ಹಾಳೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಆ ವರ್ಷವೆಲ್ಲ ಪ್ರೇಮನಾಥರಿಗೆ ಆಗಾಗ ಫೋನು ಮಾಡಿ ಸಂಪ್ರೀತ್‌ನ ಬಗ್ಗೆ ವಿಚಾರಿಸುತ್ತಿದ್ದರು. ಪ್ರತಿ ಸಲವೂ ಒಂದೇ ಉತ್ತರ: "ಅವ ಆರಾಮ ಇದ್ದಾನೆ, ಎಂತ ತೊಂದರೆ ಇಲ್ಲ." ಹುಡುಗನನ್ನೇ ಕೇಳಲು ದಾರಿಯಿರಲಿಲ್ಲ.