ಮೂರನೇ ಲೋಟ

ಗರ್ಭಪಾತ ಮಾಡಿಸಿಕೊಂಡು ಒಳಗೊಳಗೇ ಕೊರಗುವ ಹೆಂಗಸರ ಮನೆಗೆ ಹೋಗಿ ಅವರ ಮಾತು ಕೇಳಿಸಿಕೊಳ್ಳುವುದು ಚರ್ಚಿನಲ್ಲಿ ನನಗೆ ಒಪ್ಪಿಸಿದ ಕೆಲಸ. ಫಾದರ್ ಹೇಳಿಕೊಟ್ಟಿದ್ದು ಎರಡೇ: ಬುದ್ಧಿ ಹೇಳಬೇಡಿ, ಕೊಟ್ಟಿದ್ದನ್ನು ಬೇಡ ಅನ್ನಬೇಡಿ.

ನಂದಿದುರ್ಗದ ಕೂಲಿಕಾರರ ಲೈನ್ ಮನೆಯಲ್ಲಿ, ಅಂಥವರಲ್ಲೊಬ್ಬಳಾದ ಮಂಜುಳಾ ಮೂರು ಲೋಟ ಹಾಲು ತಂದಿಟ್ಟಳು. ಮನೆಯಲ್ಲಿದ್ದವರು ನಾವಿಬ್ಬರೇ. ಅವಳು ತನ್ನ ಲೋಟದ ಹಾಲನ್ನು ನಿಧಾನವಾಗಿ ಗುಟುಕರಿಸುತ್ತಾ ಕೂತಳು. ನನ್ನ ಲೋಟ ಖಾಲಿಯಾಯಿತು. ಮೂರನೆಯದೂ ನನಗೇ ಇರಬೇಕು, ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾಳೆ ಅಂದುಕೊಂಡು ಅದನ್ನೂ ಕುಡಿದೆ. ಆರಿ ಕೆನೆಗಟ್ಟಿತ್ತು.

"ಅಕ್ಕಾ, ಅದು ನಮ್ ಪಾಪುದು," ಅಂದಳು.

ಲೋಟವನ್ನು ತಟ್ಟನೆ ಕೆಳಗಿಟ್ಟೆ. "ತಪ್ಪಾಯ್ತಮ್ಮಾ, ಗೊತ್ತಾಗಲಿಲ್ಲ."

ಅವಳು ಚಾಪೆಯ ಮೇಲೆ ನನ್ನ ಪಕ್ಕದ ಖಾಲಿ ಜಾಗವನ್ನೇ ನೋಡುತ್ತಾ ಮೊದಲ ಸಲ ನಕ್ಕಳು. "ಓಗ್ಲಿ ಬಿಡಿ. ದಿನಾ ಇಡ್ತಿದ್ದೆ, ಯಾರೂ ಮುಟ್ತಿರಲಿಲ್ಲ. ನೀವು ಕುಡಿದ್ರಲ್ಲ, ಇನ್ಮೇಲೆ ನಿಮ್ ಜೊತೇಲೇ ಬತ್ತಾಳೆ."

ಮುಂದಿನ ವಾರ ಹೋದಾಗ ಎರಡೇ ಲೋಟ ತಂದಳು. ಈಗ ಚೆನ್ನಾಗಿ ನಿದ್ದೆ ಬರುತ್ತಿದೆಯಂತೆ. ನಿಮ್ಮ ಕೌನ್ಸೆಲಿಂಗ್ ಫಲ ಕೊಟ್ಟಿದೆ ಅಂತ ಫಾದರ್ ನನ್ನನ್ನು ಹೊಗಳಿದರು.

ನಮ್ಮ ಮನೆಯಲ್ಲಿ ಇರುವುದು ನಾನೊಬ್ಬಳೇ. ಆದರೂ ಹಾಲಿನವನಿಗೆ, ನಾಳೆಯಿಂದ ಕಾಲು ಲೀಟರ್ ಜಾಸ್ತಿ ಹಾಕಪ್ಪಾ ಅಂದಿದ್ದೇನೆ.