ತಾತ ಓದಿದ ಪೋಸ್ಟರ್

ಕೆಂಗೇರಿ ಕಡೆಯ ಡಿಸೈನ್ ಕಾಲೇಜಿನಲ್ಲಿ ಓದುತ್ತಿದ್ದಾಗ ನನಗೆ ಅಕ್ಷರಗಳ ಹುಚ್ಚು ಹಿಡಿದಿತ್ತು. ‘ಮ’ದ ಹೊಟ್ಟೆ ಉಬ್ಬಿಸುವುದು, ತಲೆಕಟ್ಟು ಕತ್ತರಿಸಿ ಎಸೆಯುವುದು, ಇಡೀ ಹಾಳೆ ಖಾಲಿ ಬಿಟ್ಟು ಮೂಲೆಯಲ್ಲಿ ಒಂದೇ ಪದ ಕೂರಿಸುವುದು, ಇದೇ ಕೆಲಸ. ಹೇಳುವುದು ಕಡಿಮೆಯಾದಷ್ಟೂ ಜನ ನಿಂತು ನೋಡುತ್ತಾರೆ ಎಂದು ಮೇಷ್ಟ್ರು ಹೇಳಿದ್ದನ್ನು ವೇದವಾಕ್ಯ ಮಾಡಿಕೊಂಡಿದ್ದೆ. ಅತ್ತಿಗುಪ್ಪೆಯ ನಮ್ಮ ಬೀದಿ ತುದಿಯಲ್ಲಿ ಮುಖಗಳನ್ನು ತುರುಕಿ ಕಟ್ಟಿದ ಫ್ಲೆಕ್ಸ್‌ಗಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷವೇ ತಾತ, ಅಮ್ಮನ ಅಪ್ಪ, ಮನೆಯಿಂದ ಹೊರಟವರು ವಾಪಸ್ ಬರಲಿಲ್ಲ. ಅವರಿಗೆ ಮರೆವಿನ ಕಾಯಿಲೆ. ರಾಜಾಜಿನಗರದ ಕಾರ್ಖಾನೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಸೆಕೆಂಡ್ ಶಿಫ್ಟಿಗೆ ಹೊತ್ತಾಯಿತು ಎಂದು ಚಪ್ಪಲಿ ಹುಡುಕುತ್ತಿದ್ದರು. ಅಂದು ಅಮ್ಮ ಬಟ್ಟೆ ಹರವಲು ಮಹಡಿಗೆ ಹೋಗಿದ್ದಳು, ಗೇಟು ತೆರೆದಿತ್ತು. ಪೊಲೀಸರಿಗೆ ದೂರು ಕೊಟ್ಟು ಬಂದ ಮೇಲೆ ಪೋಸ್ಟರ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಅದನ್ನು ಕಲಿತವನು ನಾನೊಬ್ಬನೇ ತಾನೆ.

“ಕಲರ್ ಫೋಟೋ ದೊಡ್ಡದಾಗಿ ಹಾಕೋ. ನೀಲಿ ಸ್ವೆಟರು, ಎಡಗೆನ್ನೆ ಮೇಲೆ ಮಚ್ಚೆ, ಎಲ್ಲಾ ಬರಿ. ದಯವಿಟ್ಟು ಅಂತ ಬರಿ,” ಅಂದಳು ಅಮ್ಮ.

“ಅಷ್ಟೆಲ್ಲಾ ಬರೆದ್ರೆ ಯಾರೂ ಓದಲ್ಲಮ್ಮ,” ಅಂದೆ.

ಹಾಳೆಯ ಮುಕ್ಕಾಲು ಭಾಗ ‘ಕಾಣೆಯಾಗಿದ್ದಾರೆ’ ಎಂಬ ಒಂದೇ ಪದ, ನಾನೇ ಕೈಯಾರೆ ಬಿಡಿಸಿದ ಅಕ್ಷರಗಳಲ್ಲಿ. ಅದು ಮಸುಕಾಗುತ್ತ ಹೋಗಿ ಅಂಚಿನಲ್ಲಿ ಕರಗಿಬಿಡುತ್ತಿತ್ತು. ಕೆಳಗೆ ತಾತನ ಮುಖ, ಬರೀ ಕಪ್ಪು ಚುಕ್ಕಿಗಳಲ್ಲಿ. ಅದರಡಿ ಒಂದು ಫೋನ್ ನಂಬರು. ಅಂಟಿಸಲು ಜೊತೆಗೆ ಬಂದ ಗೆಳೆಯ “ಸಖತ್ತಾಗಿದೆ ಮಗಾ” ಅಂದ. ಆ ಹೊತ್ತಿನಲ್ಲೂ ನನಗೆ ಖುಷಿಯಾಯಿತು.

ಅತ್ತಿಗುಪ್ಪೆಯಿಂದ ರಾಜಾಜಿನಗರದವರೆಗೆ ಅಂಟಿಸಿದೆವು. ಫೋನುಗಳೇನೋ ಬಂದವು. ಒಬ್ಬರು ನಾಟಕ ಎಷ್ಟು ಗಂಟೆಗೆ ಅಂದರು. ಇನ್ನೊಬ್ಬ “ಯಾವಾಗ ರಿಲೀಸು ಗುರು, ಹೀರೋ ಯಾರು?” ಅಂದ. ಪ್ರತಿ ಸಲವೂ ಅಮ್ಮ ಅಡುಗೆಮನೆಯಿಂದ ಓಡಿಬಂದು ನನ್ನ ಮುಖ ನೋಡುತ್ತಿದ್ದಳು. ರಾಂಗ್ ನಂಬರ್ ಎನ್ನುತ್ತಿದ್ದೆ.

ಕೊನೆಗೆ ಸೋತು ಅಮ್ಮ ಹೇಳಿದಂತೆಯೇ ಮಾಡಿದೆ. ಕಲರ್ ಫೋಟೋ, ನೀಲಿ ಸ್ವೆಟರು, ಮಚ್ಚೆ, ದಯವಿಟ್ಟು. ರಾಜಾಜಿನಗರದ ಕಾರ್ಖಾನೆಗಳ ರಸ್ತೆಯಲ್ಲಿ ಅದನ್ನು ಹಳೆಯದರ ಮೇಲೆ ಅಂಟಿಸುತ್ತಿದ್ದಾಗ ಪಕ್ಕದ ಎಳನೀರಿನವರು ಮಚ್ಚು ಕೆಳಗಿಟ್ಟು ಹತ್ತಿರ ಬಂದರು.

“ಇವ್ರಾ? ಹೋದ ವಾರ ಇಲ್ಲೇ ಈ ಕಲ್ಲಿನ ಮೇಲೆ ಕೂತಿದ್ರಲ್ಲ ಸಾರ್. ಶಿಫ್ಟ್ ಬಸ್ ಬರುತ್ತೆ ಅಂತಿದ್ರು. ನಾನೇ ಒಂದು ಎಳನೀರು ಕುಡಿಸ್ದೆ.”

“ಇಲ್ಲೇ ಪೋಸ್ಟರ್ ಇತ್ತಲ್ಲ ಅಣ್ಣ.”

“ಅದು ಸಿನಿಮಾದ್ದು ಅಂದ್ಕೊಂಡಿದ್ದೆ. ಅವ್ರೇ ನಿಂತು ಓದಿದ್ರು. ಪಾಪ, ಯಾರೋ ಕಾಣೆಯಾಗಿದಾರಂತೆ, ಮನೆಯವ್ರು ಎಷ್ಟು ಒದ್ದಾಡ್ತಿದಾರೋ ಅಂದ್ರು. ಅದು ಸಿನಿಮಾ ತಾತ ಅಂದೆ. ಆಮೇಲೆ ಎದ್ದು ಹೋದ್ರು.”

ಯಾವ ಕಡೆ ಎಂದು ಕೇಳಿದೆ. ಅವರು ಸರ್ಕಲ್ ಕಡೆ ಕೈ ತೋರಿಸಿದರು. ಅಲ್ಲಿಂದ ನಾಲ್ಕು ರಸ್ತೆ ಒಡೆಯುತ್ತವೆ. ನಾಲ್ಕರಲ್ಲೂ ಅಲೆದೆ.

ತಾತ ಸಿಗಲಿಲ್ಲ. ನನ್ನ ಪೋಸ್ಟರನ್ನು ಸರಿಯಾಗಿ ಓದಿದವರು ಅವರೊಬ್ಬರೇ. ಈ ಸಂಗತಿಯನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ಫೋನ್ ಬಂದರೆ ಅವಳು ಈಗಲೂ ಓಡಿಬರುತ್ತಾಳೆ.