ಐದನೆಯ ಹೆಸರು

ಕಾರ್ಗಿಲ್ ಯುದ್ಧ ಮುಗಿದ ವರ್ಷ. ಕೂಡ್ಲಿಗಿಯಿಂದ ಆರೂವರೆಗೆ ಬಿಡಬೇಕಾದ ಬಸ್ಸು ಏಳೂಕಾಲಿಗೆ ಬಿಟ್ಟಿತು. ಹಡಗಲಿಯಾಚೆಯ ಹಳ್ಳಿಯೊಂದರಲ್ಲಿ, ಯುದ್ಧಗಳಲ್ಲಿ ಮಡಿದ ಊರಿನ ಸೈನಿಕರಿಗೆ ಕಲ್ಲು ನಿಲ್ಲಿಸಿದ್ದರು. ಇತಿಹಾಸದ ಮೇಷ್ಟ್ರೆಂದು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಕರಿಯ ಸೈನಿಕರ ಬಗ್ಗೆ ಎಂಟು ಹಾಳೆ ಬರೆದುಕೊಂಡಿದ್ದೆ. ಪಕ್ಕದಲ್ಲಿ ನಮ್ಮ ಶಾಲೆಯ ಆಯಾ ಹನುಮಕ್ಕ ಎಣ್ಣೆಯ ಬಾಟಲಿ ಹಿಡಿದು ಕೂತಿದ್ದಳು. ಆ ಊರಿನ ಕೇರಿಯವನಾದ ಅವಳ ಗಂಡ ಚೀನಾ ಯುದ್ಧಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಅವನ ಕಲ್ಲಿಗೆ ಎಣ್ಣೆ ಹಚ್ಚಬೇಕೆಂದು ಹೊರಟಿದ್ದಳು.

"ನಮ್ಮ ಮನ್ಯಾರ ಹೆಸರು ಬರದಿರ್ತಾರಲ್ರಿ, ಸರ?" ಕೊಟ್ಟೂರು ಬರುವುದರೊಳಗೆ ಮೂರು ಸಲ ಕೇಳಿದಳು. ಬರೆಯದೆ ಇರುತ್ತಾರೆಯೇ ಎಂದು ನಾನೂ ಮೂರು ಸಲ ಗದರಿದೆ. ಯಾರನ್ನೂ ವಿಚಾರಿಸಿರಲಿಲ್ಲ, ಸುಮ್ಮನೆ ಹೇಳಿದ್ದೆ.

ಕೊಟ್ಟೂರಿನಲ್ಲಿ ನಾನು ಮಂಡಕ್ಕಿ, ಬಿಸಿ ಮಿರ್ಚಿ ತಿಂದೆ. ಅವಳು ಮುಟ್ಟಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಅನುಮಾನ ಹುಟ್ಟಿ, ಆತನ ಹೆಸರೇನು ಎಂದು ಕೇಳಿದೆ. ಹತ್ತು ವರ್ಷ ಒಂದೇ ಶಾಲೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ! ಅವಳು ಸೆರಗು ಬಾಯಿಗೆ ಹಿಡಿದು ಒಲ್ಲೆನೆಂದು ತಲೆಯಾಡಿಸಿದಳು. ಹೆಂಡತಿ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ಸತ್ತನೆಂಬ ಕಾಗದ ಬಂದಿತ್ತು, ಹೆಣ ಬಂದಿರಲಿಲ್ಲ.

ಹಳ್ಳಿಯಲ್ಲಿ ಕಲ್ಲಿನ ಮೇಲಿನ ಬಟ್ಟೆ ಸರಿಸಿದರು. ನಾಲ್ಕು ಹೆಸರು, ಅಡ್ಡಹೆಸರು ನೋಡಿದರೆ ನಾಲ್ಕೂ ಮೇಲಿನ ಓಣಿಯವು. ಕೆಳಗೆ, ಲಗ್ನಪತ್ರಿಕೆಯ ಧಾಟಿಯಲ್ಲಿ, 'ಹಾಗೂ ಕೇರಿಯ ಇತರರು.'

"ಯಾವ ಸಾಲಿನಾಗ ಐತ್ರಿ?" ಓದಲು ಬಾರದ ಹನುಮಕ್ಕ ಕೇಳಿದಳು.

ಅಷ್ಟರಲ್ಲಿ ಮೈಕಿಗೆ ಕರೆದರು. ಹಾಳೆಗಳನ್ನು ಮಡಚಿಟ್ಟೆ. ಕರಿಯ ಸೈನಿಕರಿಗೆ ಬಿಳಿಯರಿಗಿಂತ ಕಡಿಮೆ ಸಂಬಳ ಕೊಟ್ಟಿದ್ದರು, ಅವರನ್ನು ನೆನೆಯುವ ಕಲ್ಲುಗಳು ಬಹಳ ತಡವಾಗಿ ಬಂದವು ಎಂದೆ. ಈ ಕಲ್ಲಿನಲ್ಲೂ ಒಬ್ಬನ ಹೆಸರಿಲ್ಲ, ಅವನ ಹೆಂಡತಿ ಇಲ್ಲೇ ಕೂತಿದ್ದಾಳೆ ಎಂದೆ. ಹಿಂದಿನ ಸಾಲಿನಲ್ಲಿ ನಾಲ್ಕೈದು ಮಂದಿ ಅಂಗಿಯ ತೋಳು ಏರಿಸಿಕೊಂಡು ಎದ್ದರು.

ಊರಿನ ಗೌಡರು ಅವರಿಗೆ ಕೈಮಾಡಿ ಕೂರಿಸಿದರು. ಆ ಸೈನಿಕನ ಮನೆಯವರೆಲ್ಲ ಗುಳೆ ಹೋಗಿ, ಹೆಸರು ಹೇಳುವವರೇ ಇರಲಿಲ್ಲವಂತೆ. "ಮೇಷ್ಟ್ರ, ನೀವಾದ್ರೂ ಹೇಳ್ರಿ. ಈಗ್ಲೇ ಕೆತ್ತಸ್ತೀನಿ."

ನನಗೂ ಹೆಸರು ಗೊತ್ತಿರಲಿಲ್ಲ. ಕಲ್ಲುಕುಟಿಗ ಉಳಿ ಹಿಡಿದು ನಿಂತ. ಎಲ್ಲರೂ ಹನುಮಕ್ಕನ ಕಡೆ ತಿರುಗಿದರು. ಇವಳು ಹೇಳುವುದಿಲ್ಲ, ಕೆಲಸ ಕೆಟ್ಟಿತು ಎಂದುಕೊಂಡೆ.

ಅವಳು ಬಾಟಲಿ ಕೆಳಗಿಟ್ಟು ಎದ್ದಳು. "ಕೆಂಚಪ್ಪ," ಎಂದಳು, ತನಗಷ್ಟೇ ಎಂಬಂತೆ. ಆಮೇಲೆ, ಬಾಗಿಲಲ್ಲಿ ನಿಂತು ಊಟಕ್ಕೆ ಕರೆಯುವ ಹಾಗೆ, ಊರಿಗೆಲ್ಲ ಕೇಳುವಂತೆ ಕೂಗಿದಳು.

ಕೆತ್ತಿ ಮುಗಿಯಲು ಮಧ್ಯಾಹ್ನವಾಯಿತು. ಬಾಟಲಿಯ ಎಣ್ಣೆಯನ್ನೆಲ್ಲ ಆ ಒಂದು ಸಾಲಿಗೇ ಹಚ್ಚಿದಳು.

ಸಂಜೆಯ ಬಸ್ಸು ಕೊಟ್ಟೂರು ದಾಟಿದ ಮೇಲೆ ಹನುಮಕ್ಕ ನನ್ನ ಕಡೆ ತಿರುಗಿದಳು.

"ಸರ, ಹೆಸರು ಹೇಳಿಬಿಟ್ನಿ. ಇನ್ನ ಅವರು ಬರಂಗಿಲ್ಲೇನ್ರಿ?"